ಸಹಾಯ ಬೇಕು: ರೋಟರಿ ಕಟರ್‌ನಲ್ಲಿ ಪಟ್ಟಿ ನೇರ ಬರ್ತಿಲ್ಲ, ಕೈಗೂ ಭಯ

ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿ ಹಳೇ ಸೀರೆಲಿ ಕೌದಿ ಹೊಲೀತಿದ್ರು, ಅವರಿಗೆ ಕತ್ತರಿ ಒಂದೇ ಸಾಕಾಗ್ತಿತ್ತು. ನಾನೀಗ ಅಕ್ಕನ ಮಗುಗೆ ಅಂತ ಕಾಟನ್ ಕ್ವಿಲ್ಟ್ ಶುರು ಮಾಡಿದೀನಿ, ಎರಡೂವರೆ ಇಂಚು ಅಗಲದ ಬಟ್ಟೆ ಪಟ್ಟಿ ಬೇಕು, ಅದಕ್ಕೆ 45 ಎಂಎಂ ರೋಟರಿ ಕಟರ್ (ಚಕ್ರದ ತರ ಉರುಳೋ ದುಂಡು ಬ್ಲೇಡಿನ ಕಟರ್), ಬಟ್ಟೆ ಕೆಳಗೆ ಹಾಸೋ ಅಳತೆ ಗೆರೆ ಇರೋ ಕಟಿಂಗ್ ಮ್ಯಾಟ್, 6 ಇಂಚು ಅಗಲ 24 ಇಂಚು ಉದ್ದದ ಅಕ್ರಿಲಿಕ್ ಸ್ಕೇಲ್ ತಗೊಂಡೆ.

ಸಮಸ್ಯೆ ಏನಂದ್ರೆ ಬಟ್ಟೆ ಮಡಚಿ ಕಟ್ ಮಾಡಿ ಬಿಚ್ಚಿದ್ರೆ ಮಡಿಕೆ ಇದ್ದ ಜಾಗದಲ್ಲಿ ಪಟ್ಟಿ ಬಾಣದ ತುದಿ ತರ ಬಾಗಿರತ್ತೆ. ಮೊದಲೆರಡು ಸರಿ ಬರತ್ತೆ, ನಾಲ್ಕನೇದು ಐದನೇದರ ಹೊತ್ತಿಗೆ ಸೊಟ್ಟ. ಹೊಲಿಗೆಗೆ ಬಿಡೋದೇ ಕಾಲಿಂಚು, ಅದರಲ್ಲಿ ಎರಡು ನೂಲು ಆಚೀಚೆ ಆದ್ರೂ ಮೂಲೆಗೆ ಮೂಲೆ ಕೂಡಲ್ಲ.

ಹೊಸ ಬ್ಲೇಡ್ ಹಾಕ್ದೆ, ಬಟ್ಟೆ ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡ್ದೆ, ನಾಲ್ಕು ಪದರ ಬಿಟ್ಟು ಎರಡೇ ಪದರ ಕಟ್ ಮಾಡ್ದೆ. ಹೋದ ವಾರ ಸ್ಕೇಲ್ ಜಾರಿ ಹೆಬ್ಬೆರಳ ಉಗುರಿನ ಅಂಚೇ ಹೋಯ್ತು, ಬೆರಳು ಉಳಿದಿದ್ದೇ ಪುಣ್ಯ, ಮನೇಲಿ ಚಿಕ್ಕ ಮಕ್ಕಳಿರೋದ್ರಿಂದ ಪ್ರತಿ ಸಲ ಬ್ಲೇಡ್ ಮುಚ್ಚೇ ಕೆಳಗಿಡ್ತೀನಿ. ಆಮೇಲೆ ಸ್ಕೇಲ್ ಕೆಳಗೆ ಸ್ಯಾಂಡ್ ಪೇಪರ್ ಚೂರು ಅಂಟಿಸ್ದೆ, ಜಾರೋದು ಕಮ್ಮಿ ಆಯ್ತು, ಸೊಟ್ಟ ಮಾತ್ರ ಹೋಗಿಲ್ಲ. ನಂದು ಎಡಗೈ, ಬ್ಲೇಡ್ ಬಿಚ್ಚಿ ಸ್ಕೇಲ್ ಕಡೆ ಬರೋ ಹಾಗೆ ತಿರುಗಿಸಿ ಹಾಕಿದೀನಿ.

ನನಗೆ ಗೊಂದಲ ಇರೋದು ಇಲ್ಲೇ: ಅಳತೆ ಮ್ಯಾಟ್ ಗೆರೆಗೆ ಹೊಂದಿಸ್ಬೇಕಾ, ಇಲ್ಲ ಸ್ಕೇಲ್‌ನ ಅಡ್ಡ ಗೆರೆನ ಬಟ್ಟೆ ಮಡಿಕೆ ಮೇಲೆ ಕೂರಿಸ್ಬೇಕಾ? ಎಷ್ಟು ಪಟ್ಟಿಗೊಂದ್ಸಲ ಅಂಚು ಮತ್ತೆ ನೇರ ಮಾಡ್ಕೋತೀರಾ? 24 ಇಂಚು ಉದ್ದಕ್ಕೂ ಸ್ಕೇಲ್ ಒತ್ತಿ ಹಿಡಿಯೋ ಕೈನ ಎಲ್ಲಿಡ್ತೀರಾ, ಮಧ್ಯದಲ್ಲಿ ಕಟರ್ ನಿಲ್ಲಿಸಿ ಕೈ ಮುಂದೆ ಸರಿಸ್ತೀರಾ? ಎಡಗೈಯವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.