ಪೆಟ್ಟಿಗೆಯಲ್ಲಿ 6 ಇಂಪೆಲ್ಲರ್ ಉಳಿದಿದೆ, ಎಂಜಿನ್ ಇನ್ನೆಷ್ಟು ವರ್ಷ ಓಡಬಹುದು?

ಕೋಡಿಬಾಗ_ದೋಣಿ:
ಕಾಳಿ ಅಳಿವೆಯಲ್ಲಿ ಓಡಿಸುವ, ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೇ ಔಟ್‌ಬೋರ್ಡ್ ಎಂಜಿನ್ ನಮ್ಮದು. ಕಂಪನಿ ಆ ಮಾಡೆಲ್ ನಿಲ್ಲಿಸಿದಾಗ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ಎಂಜಿನ್ ತಣ್ಣಗಿಡಲು ನೀರು ತಳ್ಳುವ ರೆಕ್ಕೆಚಕ್ರ) 12 ಒಟ್ಟಿಗೆ ತಂದಿಟ್ಟೆ. ಮೊದಲನೆಯದು ಒಂದು ವರ್ಷ ಬಂತು. ಹಾಗಾದ್ರೆ 12 ವರ್ಷ ಚಿಂತೆ ಇಲ್ಲ ಅಂದುಕೊಂಡೆ. ಆಮೇಲೆ ಒಂದೊಂದೂ ಬೇಗ ಬೇಗ ಹೋಗತೊಡಗಿತು. ಆರನೆಯದನ್ನು ಹಾಕುವಾಗ ತಂದು 4 ವರ್ಷ ಆಗಿತ್ತು, ಅದು 7 ತಿಂಗಳಿಗೇ ಹೋಯಿತು. ಮೊನ್ನೆ ನೀರು ಉಗುಳುವ ತೂತಿನಲ್ಲಿ ಬರೀ ದಾರದಷ್ಟು ನೀರು, ಎಂಜಿನ್ ಮುಟ್ಟಲಾರದಷ್ಟು ಬಿಸಿ. ಬಿಚ್ಚಿದರೆ 2 ರೆಕ್ಕೆ ಇಲ್ಲ.

ಶಿರಸಿ_ಸ್ಪ್ಯಾನರ್:
ಲೆಕ್ಕ ಆಮೇಲೆ. ಆ 2 ರೆಕ್ಕೆ ಎಲ್ಲಿ ಹೋದವು? ನೀರಿನ ದಾರಿಯಲ್ಲೋ ಥರ್ಮೋಸ್ಟಾಟ್ (ಬಿಸಿ ನೋಡಿ ನೀರು ಬಿಡುವ ವಾಲ್ವ್) ಹತ್ತಿರವೋ ಸಿಕ್ಕಿಕೊಂಡಿದ್ದರೆ ಹೊಸದು ಹಾಕಿದರೂ ಎಂಜಿನ್ ಬಿಸಿ ಏರುತ್ತದೆ. ಮೊದಲು ಹುಡುಕಿ.

ಇನ್ನು ಲೆಕ್ಕ. ಹೊಸದು 12 ತಿಂಗಳು, 4 ವರ್ಷ ಇಟ್ಟದ್ದು 7. ಅಂದರೆ ಸುಮ್ನೆ ಇಟ್ಟ ಪ್ರತಿ ವರ್ಷಕ್ಕೂ ಹೊಸದರ ಬಾಳಿಕೆಯಲ್ಲಿ ಸುಮಾರು 10% ಹೋಗುತ್ತಿದೆ. ಈಗ ಹಾಕುವುದು ಆರೂವರೆ ತಿಂಗಳು ಬಂದೀತು. ಅಷ್ಟರಲ್ಲಿ ಉಳಿದವಕ್ಕೆ ಮತ್ತೆ ವಯಸ್ಸಾಗುತ್ತದೆ. ಕೊನೆಯದು 4 ತಿಂಗಳೂ ಬಾರದು. ಆರೂ ಸೇರಿ ಎರಡೂವರೆ ವರ್ಷ, ಅಷ್ಟೇ. 12 ಬಿಡಿ, 100 ತಂದಿಟ್ಟಿದ್ದರೂ ಈ ಲೆಕ್ಕದಲ್ಲಿ 10 ವರ್ಷ ದಾಟುತ್ತಿರಲಿಲ್ಲ. ಜಾಸ್ತಿ ಕೊಂಡಷ್ಟೂ ಪೆಟ್ಟಿಗೆಯಲ್ಲೇ ಸಾಯುವುದು ಜಾಸ್ತಿ.

ಅಂದಹಾಗೆ, ಎಲ್ಲಿ ಇಟ್ಟಿದ್ದೀರಿ?

ಕೋಡಿಬಾಗ_ದೋಣಿ:
ತಗಡಿನ ಶೆಡ್ಡಿನ ಅಟ್ಟದಲ್ಲಿ. ಪಕ್ಕದಲ್ಲಿ ಸೀಮೆಎಣ್ಣೆ ಕ್ಯಾನು.

ತದಡಿ_ಬಂದರು:
ಅಯ್ಯೋ ಮಾರಾಯ್ರೆ! ಬಿಸಿ 10 ಡಿಗ್ರಿ ಹೆಚ್ಚಾದರೆ ರಬ್ಬರ್ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹಳತಾಗುತ್ತದೆ. ಏಪ್ರಿಲ್‌ನಲ್ಲಿ ಆ ಅಟ್ಟದಲ್ಲಿ ನೀವೇ ಹತ್ತು ನಿಮಿಷ ಕೂತು ನೋಡಿ. ಎಲ್ಲವನ್ನೂ ಮನೆಯೊಳಗೆ ತನ್ನಿ. ಗಾಳಿ, ಬೆಳಕು ತಾಗದ ಚೀಲದಲ್ಲಿ ಹಾಕಿ, ರೆಕ್ಕೆ ಮಡಚದ ಹಾಗೆ ಇಡಿ. ಓಡುವ ಕರೆಂಟ್ ಮೋಟಾರ್ ಹತ್ತಿರ ಬೇಡ, ಅಲ್ಲಿ ಹುಟ್ಟುವ ಓಝೋನ್ ರಬ್ಬರನ್ನು ಬಿರಿಸುತ್ತದೆ. ಮಳೆಗಾಲದಲ್ಲಿ ದೋಣಿ ದಡಕ್ಕೆ ಹಾಕಿದಾಗ ಒಳಗಿನದನ್ನೂ ಬಿಚ್ಚಿಡಿ. ಇಲ್ಲದಿದ್ದರೆ ರೆಕ್ಕೆ ಬಾಗಿದಲ್ಲೇ ಕೂತುಬಿಡುತ್ತದೆ.

ಆದರೆ ತಪ್ಪು ಪೂರ್ತಿ ವಯಸ್ಸಿನದೇ ಅಂತ ನನಗೆ ಅನ್ನಿಸುವುದಿಲ್ಲ. ಇಂಪೆಲ್ಲರ್ ಉಜ್ಜಿಕೊಂಡು ತಿರುಗುವ ಪಂಪಿನ ತಟ್ಟೆಯನ್ನು ಅಳಿವೆಯ ಮರಳು ಗೀರಿದ್ದರೆ ಹೊಸ ಇಂಪೆಲ್ಲರ್ ಕೂಡ ಬೇಗ ಸವೆಯುತ್ತದೆ. ಉಗುರು ಆಡಿಸಿ ನೋಡಿ, ಗೀರು ಸಿಕ್ಕರೆ ತಟ್ಟೆ ಬದಲಿಸಿ.

ಶಿರಸಿ_ಸ್ಪ್ಯಾನರ್:
ಸರಿ, ಆ ಮಾತು ನನಗೆ ಹೊಳೆಯಲೇ ಇಲ್ಲ. ತಟ್ಟೆಯೇ ಕಾರಣವಾದರೆ ನನ್ನ 10% ತಪ್ಪು. ಹಾಗಾಗಿ ಇತ್ತೀಚೆಗೆ ತಯಾರಾದ ಒಂದು ತಂದು ಹಾಕಿ ನೋಡಿ. ಬೇರೆ ಕಂಪನಿಯದಾದರೂ ಅಡ್ಡಿಲ್ಲ, ಅಡ್ಡಗಲ, ಎತ್ತರ, ರೆಕ್ಕೆ, ನಡುವಿನ ತೂತು, ಕೀಲಿ ಕೂರುವ ಸೀಳು ಹೊಂದಬೇಕು. ಪೊಟ್ಟಣದ ಮೇಲಿನ ತಾರೀಕು ನೋಡಿಯೇ ಕೊಳ್ಳಿ. ಅದೂ 7 ತಿಂಗಳಿಗೇ ಹೋದರೆ ಅಟ್ಟವನ್ನು ಬೈಯುವುದು ಬೇಡ.

ಕೋಡಿಬಾಗ_ದೋಣಿ:
ತಟ್ಟೆಯಲ್ಲಿ ಗೀರು ಇದೆ, ಉಗುರು ಸಿಕ್ಕಿಕೊಳ್ಳುತ್ತದೆ. ಪೆಟ್ಟಿಗೆಯ ಆರರಲ್ಲಿ 2ಕ್ಕೆ ಬಗ್ಗಿಸಿದರೆ ರೆಕ್ಕೆಯ ಬುಡದಲ್ಲಿ ಸಣ್ಣ ಬಿರುಕು ಕಾಣುತ್ತದೆ, ಬಿಸಾಡಿದೆ. ಮುರಿದ ರೆಕ್ಕೆಯ ಒಂದು ತುಂಡು ಥರ್ಮೋಸ್ಟಾಟ್ ಕೆಳಗೆ ಸಿಕ್ಕಿತು. ಇನ್ನೊಂದನ್ನು ಹುಡುಕುತ್ತಾ ಇದ್ದೇನೆ.