ಶಾಲೆಗೆ ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ಮಾಡಬೇಕು, ಮಾಡಿದವರು ಅನುಭವ ಹೇಳಿ

ಚಿತ್ತಾಪುರ ತಾಲೂಕಿನ ಮಾಸ್ತರ್:
ಎಲ್ಲರಿಗೂ ನಮಸ್ಕಾರ. ನಮ್ಮದು ಹಳ್ಳಿ ಶಾಲೆ. ಎರಡು ಕಟ್ಟಡ, ನಡುವೆ 300 ಮೀಟರ್ ಇರಬಹುದು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳೇ ಸುದ್ದಿ ಓದಬೇಕು, ಕತೆ ಹೇಳಬೇಕು, ಅದು ಎಲ್ಲ ಕ್ಲಾಸಿನ ರೇಡಿಯೋದಲ್ಲೂ ಕೇಳಬೇಕು ಅನ್ನೋದು ನನ್ನ ಆಸೆ. ಏಳನೇ ಕ್ಲಾಸಿನ ಮಕ್ಕಳನ್ನು ಕೂರಿಸಿಕೊಂಡು ಬಿಸಿ 547 ಹಾಕಿ ಒಂದೇ ಟ್ರಾನ್ಸಿಸ್ಟರ್ ಇರೋ ಸರ್ಕ್ಯೂಟ್ ಮಾಡಿದೆ. ದನಿ ಬಂತು, ಆದರೆ ಒಂದು ಕೋಣೆ ದಾಟುತ್ತಿಲ್ಲ. ಸ್ಟೇಷನ್ ಬೇರೆ ಸರಿದು ಸರಿದು ಹೋಗುತ್ತದೆ. ಕಿಟ್ ತರಿಸಲೇ, ಇದನ್ನೇ ಸುಧಾರಿಸಲೇ? 2,000 ರೂಪಾಯಿ ಇದೆ. ಕೈಯಿಂದಲೇ ಹಾಕುತ್ತಿದ್ದೇನೆ.

ಬೀದರ್, ರೇಡಿಯೋ ರಿಪೇರಿ, 31 ವರ್ಷ:
ಮಾಸ್ತರ್ರೇ, ಕಿಟ್ ತರಿಸಬೇಡಿ. ನಾನು ಮೊದಲ ಟ್ರಾನ್ಸ್‌ಮಿಟರ್ ಮಾಡಿದ್ದು 1996ರಲ್ಲಿ. ಆಗ ಬೀದರಿನಲ್ಲಿ ಟ್ರಿಮ್ಮರ್, ಅಂದರೆ ತಿರುಗಿಸಿ ಸ್ಟೇಷನ್ ಕೂರಿಸೋ ಸಣ್ಣ ಕೆಪಾಸಿಟರ್, ಸಿಗುತ್ತಿರಲಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಹೈದರಾಬಾದಿಗೆ ಹೋಗಿ, ಕೋಠಿ ಗುಜರಾತಿ ಗಲ್ಲಿಯಲ್ಲಿ ಅಂಗಡಿ ಅಂಗಡಿ ತಿರುಗಿ ತರುತ್ತಿದ್ದೆ. ಒಂದು ಸಲ 22 ಪಿಎಫ್ ಅಳತೆಯದು ಅಂತ ಕೊಟ್ಟರು. ಮನೆಗೆ ಬಂದು ನೋಡಿದರೆ 220. ಮತ್ತೆ ಮುಂದಿನ ಭಾನುವಾರ ಬಸ್ಸು. ಎರಡು ರೂಪಾಯಿ ಸಾಮಾನಿಗೆ ಬಸ್ ಚಾರ್ಜು, ಊಟ, ಒಂದು ದಿನದ ದುಡಿಮೆ ಹೋಯಿತು. ಮೂರು ತಿಂಗಳು ಹೀಗೇ.

ಎಲ್ಲಾ ಇರೋದು ಕಾಯಿಲ್‌ನಲ್ಲಿ. ನಾನು 22 ಗೇಜ್ ತಂತಿಯನ್ನು 6 ಮಿಲಿಮೀಟರ್ ಡ್ರಿಲ್ ಬಿಟ್ ಮೇಲೆ ಐದು ಸುತ್ತು ಸುತ್ತುತ್ತೇನೆ. ತುದಿಯ ವಾರ್ನಿಷ್ ಬ್ಲೇಡಿನಿಂದ ಕೆರೆದು, ತಾಮ್ರ ಹೊಳೆಯೋ ತನಕ ಬಿಡೋದಿಲ್ಲ. ಸುತ್ತಿನ ನಡುವೆ ಬೆಂಕಿಕಡ್ಡಿ ತೂರಿಸಿ ಅಗಲ ಮಾಡಿದರೆ ಸ್ಟೇಷನ್ ಮೇಲೆ ಹೋಗುತ್ತದೆ, ಒತ್ತಿದರೆ ಕೆಳಗೆ ಬರುತ್ತದೆ. ಸರಿಯಾದ ಜಾಗ ಸಿಕ್ಕ ಕೂಡಲೇ ಮೇಣದ ಬತ್ತಿ ಹಚ್ಚಿ ಎರಡು ಹನಿ ಬಿಡಬೇಕು. ಬೋರ್ಡನ್ನು ಬಿಸ್ಕತ್ ಡಬ್ಬಿಯಲ್ಲಿಟ್ಟು ಡಬ್ಬಿಗೆ ನೆಗೆಟಿವ್ ಕೊಡಿ, ಕೈ ಹತ್ತಿರ ಹೋದರೂ ಅಲುಗಾಡಲ್ಲ. ಟ್ರಿಮ್ಮರ್ ತಿರುಗಿಸಲು ಪ್ಲಾಸ್ಟಿಕ್ ಕಡ್ಡಿನೇ ಬೇಕು. ನನ್ನದು ಮನೆ ಮಾಳಿಗೆಯಿಂದ ಒಂದೂವರೆ ಕಿಲೋಮೀಟರ್ ಕೇಳುತ್ತಿತ್ತು. ಚೌಬಾರಾ ಹತ್ತಿರ ಚಹಾ ಅಂಗಡಿಯಲ್ಲಿ ನಿಂತು ನಾನೇ ಕೇಳಿದ್ದೇನೆ.

ಕಲಬುರಗಿ, ಇಂಜಿನಿಯರಿಂಗ್ ಮೂರನೇ ವರ್ಷ:
ಸರ್, ಮೇಣದ ಮಾತು ನಂಬಬೇಡಿ. ನಾನೂ ಹಾಗೇ ಶುರು ಮಾಡಿದ್ದೆ. ಕಲಬುರಗಿಯಲ್ಲಿ ಮೇ ತಿಂಗಳು, 42 ಡಿಗ್ರಿ. ಬೆಳಿಗ್ಗೆ 98 ಮೆಗಾಹರ್ಟ್ಸ್‌ಗೆ ಕೂರಿಸಿದ್ದು ಮಧ್ಯಾಹ್ನ ಹುಡುಕಿದರೆ ಇರಲಿಲ್ಲ. ಮೇಣ ಮೆತ್ತಗಾಗಿ ಸುತ್ತು ಜಾರಿತ್ತು. 9 ವೋಲ್ಟ್ ಬ್ಯಾಟರಿ ಇಳಿದ ಹಾಗೆ ಸ್ಟೇಷನ್ನೂ ಸರಿಯುತ್ತದೆ. ಆಮೇಲೆ ಸಿಟ್ಟು ಬಂದು ಕಿಟ್ ತರಿಸಿದೆ. ಲೆಕ್ಕ ಬರೆದಿಟ್ಟಿದ್ದೇನೆ, ಓದಿ. ಕಿಟ್ 1,850. 12 ವೋಲ್ಟ್ ಅಡಾಪ್ಟರ್ 350, ಅದು ಹಾಡಿನ ಹಿಂದೆ ಗುಂಯ್ ಅನ್ನುತ್ತಿತ್ತು. ಅದನ್ನು ಬಿಟ್ಟು ಹಳೇ ಕಾಲದ ಟ್ರಾನ್ಸ್‌ಫಾರ್ಮರ್, 280. ಏರಿಯಲ್‌ಗೆ ಮನೆಯಲ್ಲಿದ್ದ ಟಿವಿ ಕೇಬಲ್ ಹಾಕಿದೆ. ಅದು 75 ಓಮ್, ಕಿಟ್ ಕೇಳೋದು 50. ಏರಿಯಲ್ ಉದ್ದ ಕೂಡ ಅಂದಾಜಿನ ಮೇಲೆ ಕತ್ತರಿಸಿದ್ದೆ. ಎರಡೂ ಹೊಂದದೆ ಹೋದ ಪವರ್ ವಾಪಸ್ ಬಂದು ಕೊನೆಯ ಟ್ರಾನ್ಸಿಸ್ಟರ್ ಸುಟ್ಟಿತು. ಒಂದಕ್ಕೆ 260, ಮೂರು ಸುಟ್ಟವು, 780. ಮೂರನೆಯದು ಸುಟ್ಟಾಗ ರಾತ್ರಿ ಎರಡು ಗಂಟೆ. ಆ ವಾಸನೆ ಇನ್ನೂ ಮೂಗಿನಲ್ಲಿದೆ. ಸರಿಯಾದ ಕೇಬಲ್ ಹತ್ತು ಮೀಟರ್ 420, ವಾಪಸ್ ಬರೋ ಪವರ್ ಅಳೆಯೋ ಎಸ್‌ಡಬ್ಲ್ಯೂಆರ್ ಮೀಟರ್ 1,900. ಒಟ್ಟು 5,580.

ಕೊನೆಗೆ ನಿಂತಿದ್ದು ಯಾವುದು ಗೊತ್ತಾ? ಬಿಎಚ್ 1417 ಅನ್ನೋ ಚಿಪ್. ಸ್ಟೇಷನ್ ಸರಿಯದಂತೆ ಹಿಡಿದಿಡೋ 7.6 ಮೆಗಾಹರ್ಟ್ಸ್ ಕ್ರಿಸ್ಟಲ್ ಇರೋದರಿಂದ ಬಿಸಿಲಿಗೂ ಅಲುಗಾಡಲ್ಲ. 87.7ರಿಂದ 88.9, 106.7ರಿಂದ 107.9, ಇಷ್ಟರೊಳಗೆ 14 ಸ್ಟೇಷನ್. ಅದನ್ನೇ ಮೊದಲು ತಂದಿದ್ದರೆ ನನ್ನ ಒಂದು ಸೆಮಿಸ್ಟರ್ ಉಳಿಯುತ್ತಿತ್ತು.

ಬೀದರ್, ರೇಡಿಯೋ ರಿಪೇರಿ, 31 ವರ್ಷ:
ತಮ್ಮಾ, 5,580 ಸುಟ್ಟುಕೊಂಡವನು ನೀನು. ನನ್ನದು ಒಟ್ಟು ನೂರು ರೂಪಾಯಿ ಒಳಗೇ ಆಗಿತ್ತು. ಚಿಪ್ ತಂದು ಹಚ್ಚಿದರೆ ಕಲಿತಂಗೆ ಆಗ್ತದಾ? ಮಾಸ್ತರ್ರು ಮಕ್ಕಳಿಗೆ ಕಲಿಸಬೇಕು ಅಂತ ಹೊರಟಿದ್ದಾರೆ.

ಕಲಬುರಗಿ, ಇಂಜಿನಿಯರಿಂಗ್ ಮೂರನೇ ವರ್ಷ:
ನೂರು ರೂಪಾಯಿಯಲ್ಲಿ ಬಸ್ ಚಾರ್ಜು ಸೇರಿಸಿದಿರಾ ಕಾಕಾ? ನೀವೇ ಮೂರು ತಿಂಗಳು ಅಂದಿರಿ. ಮತ್ತೆ ಒಂದೇ ಟ್ರಾನ್ಸಿಸ್ಟರಿಗೆ ಒಂದೂವರೆ ಕಿಲೋಮೀಟರ್ ಆಗಲ್ಲ. ಪವರ್ ಏರಿಸೋ ಎರಡನೇ ಸ್ಟೇಜ್ ಇತ್ತಾ ಇಲ್ವಾ, ಅದನ್ನು ಹೇಳಿ.

ಬೀದರ್, ರೇಡಿಯೋ ರಿಪೇರಿ, 31 ವರ್ಷ:
ಇತ್ತು. ಆಮೇಲೆ 2ಎನ್ 2219 ಅನ್ನೋ ಇನ್ನೊಂದು ಟ್ರಾನ್ಸಿಸ್ಟರ್ ಹಾಕಿದ್ದೆ. ಮೊದಲೇ ಬರೆಯಬೇಕಿತ್ತು, ಒಪ್ಪುತ್ತೇನೆ. ಕಿಲೋಮೀಟರ್ ಮಾತ್ರ ಸುಳ್ಳಲ್ಲ.

ಯಾದಗಿರಿ, ಮೊಬೈಲ್ ಅಂಗಡಿ:
ಕಾಯಿಲ್ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಿ. ನನ್ನ ಟ್ರಾನ್ಸ್‌ಮಿಟರ್ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದರು, ಅದನ್ನು ಯಾರೂ ಕೇಳಲ್ಲ. ಜಾತ್ರೆ ಟೈಮು, ನಮ್ಮ ಓಣಿಯಲ್ಲಿ ಒಂಬತ್ತು ರಾತ್ರಿ ಭಜನೆ. ಮುದುಕರು, ಬಾಣಂತಿಯರು ಮನೆಯಲ್ಲೇ ಕೇಳಲಿ ಅಂತ ಮಾಳಿಗೆ ಮೇಲೆ ಏರಿಯಲ್ ನಿಲ್ಲಿಸಿದೆ. ಐದು ರಾತ್ರಿ ಚೆನ್ನಾಗಿ ನಡೆಯಿತು. ಪಕ್ಕದ ಓಣಿ ಅಜ್ಜಿ ರೇಡಿಯೋ ಕಿವಿಗೆ ಹಚ್ಚಿಕೊಂಡು ಅಳುತ್ತಾ ಕೂತಿದ್ದಳು, ನಾನೇ ನೋಡಿದ್ದು. ಆರನೇ ರಾತ್ರಿ ಯಾರೋ ದೂರು ಕೊಟ್ಟರು. ಪೆಟ್ಟಿಗೆ, ಮಿಕ್ಸರ್, ಲ್ಯಾಪ್‌ಟಾಪ್ ಎಲ್ಲಾ ಹೋಯಿತು. ಆರು ಸಲ ಓಡಾಡಿ ಲ್ಯಾಪ್‌ಟಾಪ್ ಬಿಡಿಸಿಕೊಂಡೆ. ಮಿಕ್ಸರ್ ಬಾಡಿಗೆಯದು, 7,000 ತುಂಬಿಕೊಟ್ಟೆ. ಆರು ದಿನ ಅಂಗಡಿ ಮುಚ್ಚಿದ್ದು ಬೇರೆ.

ಬಿಹಾರದ ಮನ್ಸೂರ್‌ಪುರದಲ್ಲಿ ರಾಘವ್ ಮಹತೋ ಅನ್ನೋ ರೇಡಿಯೋ ರಿಪೇರಿ ಹುಡುಗ ತನ್ನ ಅಂಗಡಿಯಿಂದಲೇ ಎಫ್‌ಎಂ ನಡೆಸುತ್ತಿದ್ದ. ಸುತ್ತಲಿನ ಹಳ್ಳಿಗಳೆಲ್ಲಾ ಕೇಳುತ್ತಿದ್ದವು. ಲೈಸನ್ಸ್ ಇಲ್ಲ ಅಂತ 2006ರಲ್ಲಿ ಅದನ್ನೂ ಮುಚ್ಚಿಸಿದರು. ಊರಿಗೆ ಒಳ್ಳೇದು ಮಾಡಿದೆ ಅನ್ನೋ ಮಾತು ಅಲ್ಲಿ ನಡೆಯಲ್ಲ ಮಾಸ್ತರ್ರೇ. ನೀವು ಸರ್ಕಾರಿ ನೌಕರಿಯಲ್ಲಿದ್ದರಂತೂ ಇನ್ನೂ ಯೋಚನೆ ಮಾಡಿ.

ಕಲಬುರಗಿ, ಹ್ಯಾಮ್ ಲೈಸನ್ಸ್ ಇರುವಾಕೆ:
ಮುಚ್ಚಿಸಿದ್ದು ಸುಮ್ನೆ ಅಲ್ಲ ಅಣ್ಣಾ. 108 ಮೆಗಾಹರ್ಟ್ಸ್ ಮುಗಿದ ಕೂಡಲೇ ವಿಮಾನದ ಬ್ಯಾಂಡ್ ಶುರು. 108ರಿಂದ 118ರ ತನಕ ದಾರಿ ತೋರಿಸುವ ಸಿಗ್ನಲ್, 118ರಿಂದ 137 ಪೈಲಟ್ ಮಾತಾಡುವ ಜಾಗ. ಬೇಡದ ಸಿಗ್ನಲ್ ತಡೆಯುವ ಫಿಲ್ಟರ್ ಇಲ್ಲದ ಕಿಟ್‌ನಲ್ಲಿ ಆಂಪ್ಲಿಫೈಯರ್ ಹದ ತಪ್ಪಿದರೆ ನೀವು 107ರಲ್ಲಿದ್ದೇನೆ ಅಂದುಕೊಂಡರೂ ಅದು ಇನ್ನೂ ನಾಲ್ಕು ಕಡೆ ಅರಚುತ್ತಿರುತ್ತದೆ. ಬೀದರಿನಲ್ಲಿ ವಾಯುಪಡೆಯ ತರಬೇತಿ ನಡೆಯುತ್ತದೆ. ಕಲಬುರಗಿಯಲ್ಲೂ 2019ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಬೀದರಿನಲ್ಲಿ ಕೂತು ಒಂದೂವರೆ ಕಿಲೋಮೀಟರ್ ಅಂತ ಹೆಮ್ಮೆಯಿಂದ ಬರೆಯುವವರಿಗೆ ಇದು ಹೊಳೆಯಲಿಲ್ವಾ?

ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಪರೀಕ್ಷೆ ಬರೆದು ಪಾಸಾದೆ. ಲೈಸನ್ಸ್ ಕೈಗೆ ಬರಲು 11 ತಿಂಗಳು ಕಾದೆ. ಒಂದು ಕಾಗದದಲ್ಲಿ ನನ್ನ ಇನಿಷಿಯಲ್ ತಪ್ಪಾಗಿತ್ತು, ಅದೊಂದಕ್ಕೆ ಮೂರು ತಿಂಗಳು. ಆದರೂ ಕಾದೆ. ಹಾಡು, ಕಾರ್ಯಕ್ರಮ ಹಾಕಲು ಹ್ಯಾಮ್ ಲೈಸನ್ಸಿನಲ್ಲೂ ಅವಕಾಶ ಇಲ್ಲ, ಅದು ಗೊತ್ತಿರಲಿ. ಆದರೆ 12 ವರ್ಷ ತುಂಬಿದ ಮಕ್ಕಳೂ ಈ ಪರೀಕ್ಷೆ ಬರೆಯಬಹುದು.

ಬೀದರ್, ರೇಡಿಯೋ ರಿಪೇರಿ, 31 ವರ್ಷ:
ಅಕ್ಕಾ, ಆಗ ಯಾರು ಇದನ್ನೆಲ್ಲಾ ಹೇಳಿಕೊಟ್ಟಿದ್ದರು? ನಾನು ಓದಿದ್ದು ಏಳನೇ ಕ್ಲಾಸು. ವಿಮಾನಕ್ಕೆ ತೊಂದರೆ ಆಗಲಿ ಅಂತ ಮಾಡಿದವನಲ್ಲ. 1998ರಲ್ಲೇ ಬಿಚ್ಚಿಟ್ಟೆ. ನಿಮಗೆ ಓದು ಇತ್ತು, ಕಾಯಲು ಟೈಮ್ ಇತ್ತು. ನನಗೆ ದಿನದ ಅಂಗಡಿ ನೋಡಬೇಕಿತ್ತು.

ಕಲಬುರಗಿ, ಹ್ಯಾಮ್ ಲೈಸನ್ಸ್ ಇರುವಾಕೆ:
ನಾನು ಹೊಲಿಗೆ ಮಿಷನ್ ತುಳಿಯುತ್ತಾ ಓದಿದವಳು. ಟೈಮ್ ಇತ್ತು ಅಂತ ಹೇಳಬೇಡಿ. ಆಗಿನದಕ್ಕೆ ನಿಮ್ಮನ್ನು ಬೈಯುತ್ತಿಲ್ಲ. ಈಗ ಮಾಸ್ತರಿಗೆ ಅದೇ ದಾರಿ ತೋರಿಸುತ್ತಿದ್ದೀರಿ, ಅದಕ್ಕೆ ಸಿಟ್ಟು.

ಸೇಡಂ, ಸಮುದಾಯ ರೇಡಿಯೋದಲ್ಲಿ ಕೆಲಸ ಮಾಡಿದವನು:
ನಾನು ಕಾನೂನಿನ ದಾರಿಯಲ್ಲೇ ನಡೆದು ಸೋತವನು, ಅದನ್ನೂ ಕೇಳಿ. ಮೊದಲು ವಿದ್ಯಾಸಂಸ್ಥೆಗಳಿಗೆ ಮಾತ್ರ ಇದ್ದ ಸಮುದಾಯ ರೇಡಿಯೋ, ಅಂದರೆ ಊರಿನವರೇ ತಮ್ಮ ಸುತ್ತಲಿಗೆ ನಡೆಸೋ ರೇಡಿಯೋ, ಅದರ ಲೈಸನ್ಸ್ 2006ರಿಂದ ಸಂಘ ಸಂಸ್ಥೆಗಳಿಗೂ ಸಿಗುತ್ತದೆ. 50 ವ್ಯಾಟ್ ಟ್ರಾನ್ಸ್‌ಮಿಟರ್, ಸುತ್ತಲಿನ ಹತ್ತಾರು ಹಳ್ಳಿಗೆ ಕೇಳುತ್ತದೆ. ಕಲಬುರಗಿಯ ಅಂತರ್ವಾಣಿ 90.8 ಹಾಗೆ ಬಂದದ್ದೇ. ಅದನ್ನು ಕೇಳಿಯೇ ನಮ್ಮ ಸಂಘದವರೂ ಅರ್ಜಿ ಹಾಕಿದೆವು. ಮೂರು ವರ್ಷದ ಆಡಿಟ್ ಕೇಳಿದರು. ನಮ್ಮಲ್ಲಿ ಒಂದು ವರ್ಷದ ರಸೀದಿ ಪುಸ್ತಕ ಗೆದ್ದಲು ತಿಂದಿತ್ತು. ಅದನ್ನು ಮತ್ತೆ ಬರೆಸಲು ಲೆಕ್ಕದವರಿಗೆ 9,000. ದೆಹಲಿಗೆ ಎರಡು ಸಲ ರೈಲು, ಸ್ಲೀಪರಿನಲ್ಲೇ. ಎರಡನೇ ಸಲ ಹೋದಾಗ ನಮ್ಮ ಕಡತ ನೋಡುತ್ತಿದ್ದವರು ರಜೆ. ಬ್ಯಾಂಕ್ ಗ್ಯಾರಂಟಿಗೆ ಅಂತ ಅಧ್ಯಕ್ಷರು ಹೆಂಡತಿಯ ಬಳೆ ಅಡವಿಟ್ಟರು. ಅವರು ತೀರಿಕೊಂಡ ಮೇಲೆ ಯಾರೂ ಮುಂದೆ ಬರಲಿಲ್ಲ. ಬರೆದಿಟ್ಟಿದ್ದ 40 ಕಾರ್ಯಕ್ರಮದ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ.

ಮಾಸ್ತರ್, ನಿಮಗೆ ಬೇಕಿರೋದು ಎರಡು ಕಟ್ಟಡ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಅನ್ನೋ ಸಮುದಾಯ ರೇಡಿಯೋದವರು ಗಾಳಿಯಲ್ಲಿ ಬಿಡಲು ಲೈಸನ್ಸ್ ಇಲ್ಲದಾಗ ಕೇಬಲ್‌ನಲ್ಲೇ ಮನೆ ಮನೆಗೆ ರೇಡಿಯೋ ಕೇಳಿಸಿದರು. ವೈರ್ ಎಳೆಯಿರಿ.

ಕಲಬುರಗಿ, ಇಂಜಿನಿಯರಿಂಗ್ ಮೂರನೇ ವರ್ಷ:
300 ಮೀಟರ್ ಮಾಮೂಲಿ ಸ್ಪೀಕರ್ ವೈರ್ ಎಳೆದರೆ ಪವರ್ ಅರ್ಧ ವೈರಿನಲ್ಲೇ ಹೋಗುತ್ತದೆ. ವೋಲ್ಟೇಜ್ ಏರಿಸಿ ಕಳಿಸೋ 100 ವೋಲ್ಟ್ ಲೈನ್ ಬೇಕು.

ಬೀದರ್, ರೇಡಿಯೋ ರಿಪೇರಿ, 31 ವರ್ಷ:
ಅದು ಸರಿ. ಗುಡಿಯಲ್ಲಿ ಹಾರ್ನ್ ಕಟ್ಟುವವರು ಹಾಗೇ ಮಾಡೋದು, ಪ್ರತಿ ಸ್ಪೀಕರಿಗೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್. ವೈರ್ ತೆಳ್ಳಗಿದ್ದರೂ ನಡೆಯುತ್ತದೆ. ಆದರೆ ಶಾಕ್ ಹೊಡೆಯುತ್ತೆ, ಮಕ್ಕಳ ಕೈಗೆ ಸಿಗದ ಹಾಗೆ ಮೇಲೆ ಎಳೀಬೇಕು.

ಚಿತ್ತಾಪುರ ತಾಲೂಕಿನ ಮಾಸ್ತರ್:
ಎಲ್ಲರದ್ದೂ ಎರಡೆರಡು ಸಲ ಓದಿದೆ. ವಿಮಾನದ ವಿಷಯ ನನಗೆ ಗೊತ್ತೇ ಇರಲಿಲ್ಲ, ಏರಿಯಲ್ ಇವತ್ತೇ ಬಿಚ್ಚಿದೆ. ಇನ್ನೊಂದು ಕೇಳಬೇಕಿತ್ತು. ಎರಡನೇ ಬೋರ್ಡಿನಲ್ಲಿ ಬಿಸಿ 547 ಇಲ್ಲ ಅಂತ ಪ್ಲಾಸ್ಟಿಕ್ 2222 ಟ್ರಾನ್ಸಿಸ್ಟರ್ ಹಾಕಿದೆವು. ದನಿಯೇ ಇಲ್ಲ. ಯಾಕೆ?

ಕಲಬುರಗಿ, ಇಂಜಿನಿಯರಿಂಗ್ ಮೂರನೇ ವರ್ಷ:
ಕಾಲು ಉಲ್ಟಾ ಸರ್. ಚಪ್ಪಟೆ ಮುಖ ನಿಮ್ಮ ಕಡೆ ಇಟ್ಟರೆ 547ಕ್ಕೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಆ 2222ಕ್ಕೆ ಸಾಮಾನ್ಯವಾಗಿ ಎಮಿಟರ್ ಮೊದಲು. ತಿರುಗಿಸಿ ಹಾಕಿ.

ಬೀದರ್, ರೇಡಿಯೋ ರಿಪೇರಿ, 31 ವರ್ಷ:
ಮಾರೋದ್ರಲ್ಲಿ ನಕಲಿನೂ ಇರುತ್ತೆ. ಮೊದಲು ಮೀಟರ್ ಇಟ್ಟು ನೋಡಿ.

ಕಲಬುರಗಿ, ಇಂಜಿನಿಯರಿಂಗ್ ಮೂರನೇ ವರ್ಷ:
ಮೀಟರ್ ಬೇಡ, ಕಾಲೇ ಉಲ್ಟಾ ಅಂತ ಹೇಳಿದೆನಲ್ಲ.

ಬೀದರ್, ರೇಡಿಯೋ ರಿಪೇರಿ, 31 ವರ್ಷ:
31 ವರ್ಷದಲ್ಲಿ ಮೀಟರ್ ಇಡದೆ ಒಂದು ಸಾಮಾನೂ ಹಚ್ಚಿದವನಲ್ಲ ನಾನು. ಮಾಸ್ತರ್ರೇ, ನನ್ನ ಅಂಗಡಿಯಲ್ಲಿ 30 ವ್ಯಾಟಿನ ಹಳೇ ಆಂಪ್ಲಿಫೈಯರ್ ಬಿದ್ದಿದೆ. 100 ವೋಲ್ಟ್ ಲೈನಿನದೇ, ಸ್ವಿಚ್ ಒಂದು ಬದಲಾಯಿಸಬೇಕು. ದುಡ್ಡು ಬೇಡ, ನಿಮ್ಮ 2,000 ವೈರಿಗೂ ಟ್ರಾನ್ಸ್‌ಫಾರ್ಮರಿಗೂ ಇರಲಿ. ಬರುವಾಗ ಆ ಎರಡೂ ಬೋರ್ಡು ತನ್ನಿ. ಮಕ್ಕಳು ಕಾಯಿಲ್ ಹೇಗೆ ಸುತ್ತಿದ್ದಾರೆ ನೋಡಬೇಕು.