ಡಾಕ್ಟರನ್ನು ಕೇಳಿ: ಮಳೆಗಾಲದ ಜ್ವರ

ನಿರ್ವಾಹಕ: ರಾತ್ರಿ 8ರಿಂದ 9ರವರೆಗೆ ನಮ್ಮ ಗುಂಪಿನ ಸೂಕ್ಷ್ಮಜೀವಿ ತಜ್ಞೆ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಅಡಿಕೆ ತೋಟ: ಎರಡು ದಿನದ ಜ್ವರ. ವಿಡಾಲ್ ಪರೀಕ್ಷೆಯಲ್ಲಿ 1:80 ಬಂದಿದೆ. ಟೈಫಾಯಿಡ್ ತಾನೇ, ಮೇಡಂ?

ಡಾಕ್ಟರ್: ಅಷ್ಟರಿಂದ ಹೇಳಲಾಗದು. ಅದು ಟೈಫಾಯಿಡ್ ವಿರುದ್ಧ ರಕ್ತದಲ್ಲಿ ಹುಟ್ಟಿದ ಪ್ರತಿಕಾಯ ಅಳೆಯುವ 1896ರ ಪರೀಕ್ಷೆ. ಹಿಂದೆಂದೋ ಬಂದು ಹೋದ ಸೋಂಕಿಗೂ ಪಾಸಿಟಿವ್ ತೋರಿಸುತ್ತದೆ. ಆಂಟಿಬಯೋಟಿಕ್ ನುಂಗುವ ಮೊದಲು ಬ್ಲಡ್ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು) ಮಾಡಿಸಿ.

ಗದ್ದೆಬೈಲು: ಅಪ್ಪಯ್ಯನಿಗೆ 54 ವರ್ಷ, ಸಕ್ಕರೆ ಕಾಯಿಲೆಯಿದೆ. ನೇಜಿ ನೆಟ್ಟು ಮುಗಿದ ವಾರ ಹಿಡಿದ ಜ್ವರ 25 ದಿನವಾದರೂ ಬಿಟ್ಟಿಲ್ಲ. ಎಕ್ಸ್‌ರೇಯಲ್ಲಿ ಮಚ್ಚೆ ಕಂಡಿತು. ಕಫದಲ್ಲಿ ಕ್ಷಯದ ರೋಗಾಣು ಸಿಗಲಿಲ್ಲ, ಆದರೂ ಕ್ಷಯದ ಮಾತ್ರೆ ಶುರುವಾಗಿ ಎರಡು ವಾರವಾಯಿತು. ಈಗ ತೊಡೆಯಲ್ಲಿ ದೊಡ್ಡ ಕುರು ಎದ್ದಿದೆ.

ಡಾಕ್ಟರ್: ಕೀವನ್ನು ಕಲ್ಚರ್‌ಗೆ ಕಳಿಸಿದರೇ?

ಗದ್ದೆಬೈಲು: ಇಲ್ಲ ಮೇಡಂ. ಕೊಯ್ದು, ಹತ್ತಿಯಲ್ಲಿ ಒರೆಸಿ, ಬಕೆಟ್ಟಿಗೆ ಹಾಕಿದರು. ಮೊದಲೊಮ್ಮೆ ರಕ್ತದ ಕಲ್ಚರ್ ಆಗಿತ್ತು. ‘ಸ್ಯೂಡೊಮೋನಾಸ್ ಜಾತಿ, ಹೊರಗಿನಿಂದ ಸೇರಿರಬಹುದು’ ಎಂದು ವರದಿಯಿದೆ.

ಮನೆಮದ್ದು ಪ್ರಿಯ: ಅಮೃತಬಳ್ಳಿ ಕಷಾಯ ಮೂರು ಹೊತ್ತು. ಕುರುವಿಗೆ ಅರಿಶಿನ, ಸುಣ್ಣ ಕಲಸಿ ಹಚ್ಚಿ. ಒಂದೇ ರಾತ್ರಿಯಲ್ಲಿ ಗುಣ. (ಹತ್ತು ಜನರಿಗೆ ಕಳಿಸಿ)

ಡಾಕ್ಟರ್: ಉಳಿದವರು ಸ್ವಲ್ಪ ಸುಮ್ಮನಿರಿ. ಗದ್ದೆಬೈಲು, ಆ ವರದಿಯನ್ನು ಕೈಗೆ ತೆಗೆದುಕೊಳ್ಳಿ. ಜೆಂಟಾಮೈಸಿನ್, ಕೊಲಿಸ್ಟಿನ್ ಎರಡರ ಮುಂದೆಯೂ ‘ಆರ್’ (ರೋಗಾಣು ಆ ಔಷಧಿಗೆ ಬಗ್ಗದು), ಆಮಾಕ್ಸಿಕ್ಲಾವ್ ಮುಂದೆ ‘ಎಸ್’ (ಬಗ್ಗುತ್ತದೆ) ಇದೆಯೇ ನೋಡಿ. ಇದ್ದರೆ ಅದು ಹೊರಗಿನಿಂದ ಸೇರಿದ ಕಸವಲ್ಲ, ಮೆಲಿಯಾಯ್ಡೋಸಿಸ್ ಇರಬಹುದೆಂಬ ಭಯ ನನಗೆ. ಅದರ ರೋಗಾಣು ಮಣ್ಣಿನಲ್ಲಿ, ಗದ್ದೆಯ ಕೆಸರಿನಲ್ಲಿ ಇರುತ್ತದೆ. ಹಿಮ್ಮಡಿಯ ಬಿರುಕು ಸಾಕು ಅದಕ್ಕೆ ಒಳಗೆ ಬರಲು. ಸಕ್ಕರೆ ಕಾಯಿಲೆಯವರನ್ನೇ ಹೆಚ್ಚು ಹಿಡಿಯುತ್ತದೆ. ಶ್ವಾಸಕೋಶದಲ್ಲಿ ಕ್ಷಯದ ವೇಷ ಹಾಕುತ್ತದೆ, ಆಮೇಲೆ ಯಕೃತ್ತು, ಗುಲ್ಮ, ಸ್ನಾಯು ಎಂದು ಕಂಡಲ್ಲಿ ಕೀವು ಕಟ್ಟುತ್ತದೆ. 1912ರಲ್ಲಿ ರಂಗೂನಿನಿಂದ ಇದನ್ನು ಮೊದಲು ವರದಿ ಮಾಡಿದವರು ವಿಟ್ಮೋರ್ ಮತ್ತು ಕೃಷ್ಣಸ್ವಾಮಿ. ನಮ್ಮ ಕರಾವಳಿಯ ರೋಗಿಗಳ ಬಗ್ಗೆ ಮಣಿಪಾಲದವರು ಎಷ್ಟೋ ಬರೆದಿದ್ದಾರೆ. ಆದರೂ ಇದರ ರೋಗಾಣುವನ್ನು ಗುರುತಿಸದೆ ‘ಸ್ಯೂಡೊಮೋನಾಸ್ ಜಾತಿ’ ಎಂದು ಬರೆದು ಕೈತೊಳೆದುಕೊಳ್ಳುವ ಲ್ಯಾಬುಗಳಿವೆ.

ಈ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಕ್ತ, ಕೀವು, ಕಫ, ಮೂತ್ರ ನಾಲ್ಕೂ ಕಲ್ಚರ್‌ಗೆ ಹೋಗಬೇಕು. ಚೀಟಿಯ ಮೇಲೆ ‘ಮೆಲಿಯಾಯ್ಡೋಸಿಸ್ ಸಂಶಯ’ ಎಂದು ಬರೆಯಿಸಿ. ಒಮ್ಮೆ ಬೆಳೆಯದಿದ್ದರೆ ರೋಗವಿಲ್ಲ ಎಂದಲ್ಲ, ಮತ್ತೆ ಕಳಿಸಬೇಕು. ಔಷಧಿ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್. 1989ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಅಧ್ಯಯನದಲ್ಲಿ ಸೆಫ್ಟಾಜಿಡಿಮ್ ಸಾವನ್ನು ಅರ್ಧಕ್ಕೆ ಇಳಿಸಿತು. ರಕ್ತನಾಳಕ್ಕೆ ಕನಿಷ್ಠ 10ರಿಂದ 14 ದಿನ, ಕೀವು ಆಳದಲ್ಲಿದ್ದರೆ ಇನ್ನೂ ಹೆಚ್ಚು. ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಕನಿಷ್ಠ ಮೂರು ತಿಂಗಳು. ನಡುವೆ ಬಿಟ್ಟರೆ ಮರುಕಳಿಸುತ್ತದೆ.

ಮನೆಮದ್ದು ಪ್ರಿಯರೇ, ಕೊಯ್ದ ಗಾಯಕ್ಕೆ ಸುಣ್ಣ ಹಚ್ಚಿದರೆ ಚರ್ಮ ಸುಡುತ್ತದೆ. ಅಮೃತಬಳ್ಳಿ ಕುಡಿದು ಯಕೃತ್ತು ಕೆಟ್ಟವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಆ ಹತ್ತು ಜನರಿಗೆ ಇದನ್ನೂ ಕಳಿಸಿ.

ಬೆಂಗಳೂರು ಸೊಸೆ: ಮೂರು ತಿಂಗಳೇ? ಆಂಟಿಬಯೋಟಿಕ್ ಏಳು ದಿನ ಸಾಕು ಎಂದು ಹೊಸ ಸಂಶೋಧನೆ ಹೇಳಿದೆಯಲ್ಲ.

ಮೇಷ್ಟ್ರು: ಕೋರ್ಸ್ ಪೂರ್ತಿ ಮಾಡದಿದ್ದರೆ ರೋಗಾಣು ಬಲಿಯುತ್ತದೆ ಎಂದು ಮೂವತ್ತು ವರ್ಷ ಪಾಠ ಮಾಡಿದ್ದೇನೆ.

ಬೆಂಗಳೂರು ಸೊಸೆ: ಪಾಠ ಹಳೆಯದಾಯಿತು ಮೇಷ್ಟ್ರೇ.

ಮೇಷ್ಟ್ರು: ಹಳೆಯ ಪಾಠ ಕಲಿತವರು ಹಿರಿಯರೊಡನೆ ಹೀಗೆ ಮಾತನಾಡುತ್ತಿರಲಿಲ್ಲ.

ಪುಟ್ಟನ ಅಮ್ಮ: ಎರಡು ವರ್ಷದ ಮಗುವಿಗೆ ಕೆಮ್ಮು. ಅಣ್ಣನಿಗೆ ಬರೆದ ಸಿರಪ್ ಮಿಕ್ಕಿದೆ. ಕೊಡಬಹುದೇ?

ಡಾಕ್ಟರ್: ಇಬ್ಬರೂ ಅರ್ಧ ಓದಿದ್ದೀರಿ. 2024ರ ಬ್ಯಾಲೆನ್ಸ್ ಅಧ್ಯಯನದಲ್ಲಿ ರಕ್ತದ ಸೋಂಕಿನ 3,608 ರೋಗಿಗಳಿದ್ದರು. 90 ದಿನದೊಳಗೆ ತೀರಿಕೊಂಡವರು ಏಳು ದಿನದ ಗುಂಪಿನಲ್ಲಿ ಶೇ. 14.5, ಹದಿನಾಲ್ಕು ದಿನದ ಗುಂಪಿನಲ್ಲಿ ಶೇ. 16.1. ಅಂದರೆ ಏಳು ದಿನವೂ ಸಾಕಾಯಿತು, ಮೇಷ್ಟ್ರೇ. ಆದರೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಸೋಂಕಿನವರನ್ನು ಅದರಲ್ಲಿ ಸೇರಿಸಿಯೇ ಇರಲಿಲ್ಲ. ಯಾವ ರೋಗಾಣು, ಎಲ್ಲಿ ಕೂತಿದೆ ಎಂದು ನೋಡದೆ ದಿನ ಎಣಿಸಬೇಡಿ ಸೊಸೆಯವರೇ.

ಮೇಷ್ಟ್ರು: ನಾನು ಕೇಳಿದ್ದು ಅದಲ್ಲ.

ಬೆಂಗಳೂರು ಸೊಸೆ: ನೀವು ಏನನ್ನೂ ಕೇಳಲೇ ಇಲ್ಲ.

ಕಡಲ ಕರೆ: ನನ್ನ ವಿಡಾಲ್ 1:160. ಸಿಪ್ರೊಫ್ಲಾಕ್ಸಾಸಿನ್ ತೆಗೆದುಕೊಳ್ಳಲೇ?

ಡಾಕ್ಟರ್: ಮೇಲೆ ಓದಿ. ಸಿಪ್ರೊ ಬೇಡ. ನಮ್ಮ ದೇಶದ ಟೈಫಾಯಿಡ್ ರೋಗಾಣು ಬಹುಪಾಲು ಅದಕ್ಕೆ ಬಗ್ಗುವುದಿಲ್ಲ.

ಅಡಿಕೆ ತೋಟ: ಹಾಗಾದರೆ ನನ್ನ 1:80?

ಡಾಕ್ಟರ್: ಮೇಲೆ ಓದಿ.

ಮನೆಮದ್ದು ಪ್ರಿಯ: ನಿಮ್ಮಂಥವರಿಗೆ ಆಯುರ್ವೇದ ಕಂಡರೆ ಆಗದು.

ನಿರ್ವಾಹಕ: ಇನ್ನೊಂದು ಫಾರ್ವರ್ಡ್ ಬಂದರೆ ಗುಂಪಿನಿಂದ ತೆಗೆಯುತ್ತೇನೆ. ಮೇಷ್ಟ್ರೇ, ನಿಮ್ಮಿಬ್ಬರ ಜಗಳ ಖಾಸಗಿಯಾಗಿ ಇರಲಿ.

ಗದ್ದೆಬೈಲು: ಮೇಡಂ, ಜೆಂಟಾಮೈಸಿನ್ ಆರ್, ಕೊಲಿಸ್ಟಿನ್ ಆರ್, ಆಮಾಕ್ಸಿಕ್ಲಾವ್ ಎಸ್. ಅಣ್ಣ ಕಾರು ತರಲು ಹೋಗಿದ್ದಾನೆ. ರಾತ್ರಿಯ ಊಟ, ಮಾತ್ರೆ ಕೊಡಲೇ?

ಡಾಕ್ಟರ್: ಊಟ ಸೇರಿದಷ್ಟು ಕೊಡಿ. ಈಗಲೇ ಸಕ್ಕರೆ ನೋಡಿ ಬರೆದುಕೊಳ್ಳಿ. ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಳ್ಳಿ. ಯಾವುದು ಬಿಡಬೇಕೆಂದು ಅಲ್ಲಿಯ ವೈದ್ಯರು ಹೇಳಲಿ. ಆ ವರದಿಯ ಮೂಲಪ್ರತಿ ಮರೆಯಬೇಡಿ. ಮಾಡಿದ ಲ್ಯಾಬಿಗೆ ಬೆಳಿಗ್ಗೆಯೇ ಫೋನ್ ಮಾಡಿ, ರೋಗಾಣು ಬೆಳೆಸಿದ ಆ ಕಲ್ಚರ್ ತಟ್ಟೆಯನ್ನು ಎಸೆಯಬೇಡಿ ಎಂದು ಹೇಳಿ.